ಟೆಂಪ್ ಫೋಲ್ಡರಿನಲ್ಲಿ ಚಾಲನೆಗೊಳ್ಳುವ ಕಡತಗಳು: ಒಂದು ವಿಮರ್ಶೆ

ಕಂಪ್ಯೂಟರ್ ಬಳಸುವವರೆಲ್ಲ ‘ಟೆಂಪ್’ ಎಂಬ ಫೋಲ್ಡರಿನ ಹೆಸರನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಯಂತ್ರ ನಿಧಾನವಾದರೆ ಬರುವ ಮೊದಲ ಸಲಹೆಯೇ ‘ಟೆಂಪ್ ಖಾಲಿ ಮಾಡಿ’. ಹೀಗಾಗಿ ಅದೊಂದು ಕಸದ ಬುಟ್ಟಿ ಎಂಬ ಭಾವನೆ ಬಹಳ ಜನರಲ್ಲಿದೆ. ಆದರೆ ಅಲ್ಲಿ ಇರುವುದೆಲ್ಲ ಕಸವಲ್ಲ. ಎಷ್ಟೋ ತಂತ್ರಾಂಶಗಳು ತಮ್ಮ ಭಾಗಗಳನ್ನು ಅಲ್ಲಿ ಬಿಚ್ಚಿಟ್ಟುಕೊಂಡು, ಅಲ್ಲಿಂದಲೇ ಚಾಲನೆಗೊಂಡು, ಕೆಲಸ ಮುಗಿದ ಮೇಲೆ ಅವನ್ನು ಅಳಿಸುತ್ತವೆ. ಚಿತ್ರ, ಪಠ್ಯ ಮುಂತಾದ ತಾತ್ಕಾಲಿಕ ಕಡತಗಳ ಮಾತು ಬೇರೆ. ಯಂತ್ರ ತನ್ನ ಆದೇಶವೆಂದು ಪಾಲಿಸುವ ಇಎಕ್ಸ್‌ಇ, ಡಿಎಲ್‌ಎಲ್ ಮುಂತಾದ ಕಡತಗಳ ಮಾತು ಬೇರೆ. ಈ ಎರಡನೆಯ ಜಾತಿಯ ಕಡತಗಳನ್ನು ಸ್ವಲ್ಪ ಹೊತ್ತು ಎಲ್ಲಿ ಇಡಬೇಕು ಎಂಬುದರ ಬಗ್ಗೆ ತಂತ್ರಾಂಶ ಬರೆಯುವವರು ಹೆಚ್ಚು ಯೋಚಿಸುವುದಿಲ್ಲ ಎಂಬುದು ನನ್ನ ದೂರು.

ಈ ದೂರು ಹುಟ್ಟಿದ್ದು ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. ಅಲ್ಲಿನ ಗಣಿತ ಶಿಕ್ಷಕರು ಬರಹೇಳಿದ್ದರು. “ಡಿಸ್ಕ್ ತುಂಬ್ಯಾದಂತ ತೋರಸ್ಲಾಕತ್ತದ್ರಿ ಸರ್, ನಾವೇನೂ ಹೊಸಾದು ಹಾಕಿಲ್ಲ” ಎಂದರು. ಅವರ ಮಾತು ನಿಜವಾಗಿತ್ತು. ಆ ಯಂತ್ರಗಳಲ್ಲಿ ಬಳಕೆಯಲ್ಲಿದ್ದದ್ದು ಒಂದು ರಸಪ್ರಶ್ನೆ ತಂತ್ರಾಂಶ, ಒಂದು ಕನ್ನಡ ಬರವಣಿಗೆಯ ತಂತ್ರಾಂಶ, ಒಂದು ಬ್ರೌಸರ್ ಮಾತ್ರ. ಟೆಂಪ್ ಫೋಲ್ಡರ್ ತೆರೆದಾಗ ಕಾರಣ ಕಣ್ಣಿಗೆ ಬಿತ್ತು. ಅಡಿಗೆರೆಯ ಮುಂದೆ ‘ಎಂಇಐ’ ಎಂಬ ಮೂರು ಅಕ್ಷರ, ಅದರ ಮುಂದೆ ಕೆಲವು ಅಂಕಿ. ಇಂಥ ಹೆಸರಿನ ಮುನ್ನೂರಕ್ಕೂ ಹೆಚ್ಚು ಫೋಲ್ಡರುಗಳು ಅಲ್ಲಿದ್ದವು. ಒಂದೊಂದೂ ಸುಮಾರು 50 ಮೆಗಾಬೈಟ್. ಒಟ್ಟು 15 ಗಿಗಾಬೈಟಿಗೂ ಮಿಕ್ಕಿದ ಕಡತಗಳು, ಎಲ್ಲವೂ ಒಂದೇ ವಸ್ತುವಿನ ನಕಲುಗಳು.

ಈ ಹೆಸರು ನೋಡಿದರೆ ಮೂಲ ಗೊತ್ತಾಗುತ್ತದೆ. ಪೈಥಾನ್ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು ಪೈಥಾನ್ ಇಲ್ಲದ ಯಂತ್ರದಲ್ಲೂ ನಡೆಯುವಂತೆ ಕಟ್ಟಿಕೊಡುವ ‘ಪೈಇನ್‌ಸ್ಟಾಲರ್’ ಎಂಬ ಸಾಧನವಿದೆ. ಅದರಲ್ಲಿ ಎರಡು ವಿಧಾನಗಳಿವೆ. ಒಂದರಲ್ಲಿ ಕ್ರಮವಿಧಿ ಒಂದು ಫೋಲ್ಡರಿನ ರೂಪದಲ್ಲಿರುತ್ತದೆ. ಒಳಗಿನ ನೂರಾರು ಕಡತಗಳು ಇದ್ದಲ್ಲಿಯೇ ಇರುತ್ತವೆ. ಇನ್ನೊಂದರಲ್ಲಿ ಎಲ್ಲವೂ ಸೇರಿ ಒಂದೇ ಇಎಕ್ಸ್‌ಇ ಆಗುತ್ತದೆ. ಪೆನ್‌ಡ್ರೈವಿನಲ್ಲಿ ಕೊಂಡೊಯ್ದು ಹಂಚಲು ಎರಡನೆಯದೇ ಸುಲಭ, ಆದ್ದರಿಂದ ಎಲ್ಲರಿಗೂ ಅದೇ ಇಷ್ಟ. ಆದರೆ ಒಂದೇ ಕಡತವಾಗಿ ಕಾಣುವುದು ಹೊರನೋಟ ಮಾತ್ರ. ಎರಡು ಸಲ ಕ್ಲಿಕ್ ಮಾಡಿದೊಡನೆ ಅದು ತನ್ನ ಹೊಟ್ಟೆಯಲ್ಲಿರುವ ಪೈಥಾನ್ ಡಿಎಲ್‌ಎಲ್ ಮತ್ತಿತರ ಭಾಗಗಳನ್ನು ಟೆಂಪ್‌ನಲ್ಲಿ ‘ಎಂಇಐ’ ಹೆಸರಿನ ಹೊಸ ಫೋಲ್ಡರ್ ಮಾಡಿ ಬಿಚ್ಚುತ್ತದೆ. ಕ್ರಮವಿಧಿ ಸರಿಯಾಗಿ ಮುಗಿದರೆ ಆ ಫೋಲ್ಡರನ್ನು ತಾನೇ ಅಳಿಸುತ್ತದೆ.

‘ಸರಿಯಾಗಿ ಮುಗಿದರೆ’ ಎಂಬ ಷರತ್ತನ್ನು ಗಮನಿಸಿ. ಬೇಸಿಗೆಯಲ್ಲಿ ಆ ಶಾಲೆಯಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಎಣಿಸಿದವರಿಲ್ಲ. ಯುಪಿಎಸ್ ಬ್ಯಾಟರಿಗಳು ಸತ್ತು ಎರಡು ವರ್ಷವಾಗಿತ್ತು. ಕರೆಂಟ್ ಹೋದಾಗಲೆಲ್ಲ ಅಳಿಸಬೇಕಾದ ಕ್ರಮವಿಧಿಯೇ ನಡುವೆ ನಿಂತುಹೋಗುತ್ತದೆ, ಬಿಚ್ಚಿಟ್ಟ ಕಡತಗಳು ಹಾಗೆಯೇ ಉಳಿಯುತ್ತವೆ. ಮರುದಿನ ಹೊಸ ಫೋಲ್ಡರ್. ತಂತ್ರಾಂಶ ಬರೆದವರ ಮೇಜಿನ ಮೇಲೆ ಎಂದೂ ಕಾಣದ ತೊಂದರೆ ಇದು. ಅಲ್ಲಿ ಕರೆಂಟ್ ಹೋಗುವುದಿಲ್ಲ.

ಇಷ್ಟಾದರೆ ಇದು ಜಾಗದ ಸಮಸ್ಯೆ ಮಾತ್ರ, ಅಳಿಸಿದರೆ ಮುಗಿಯಿತು. ಆದರೆ ಶಾಲೆಯವರು ನಾನು ಹೋಗುವ ಮೊದಲೇ ಎರಡು ಯಂತ್ರಗಳಲ್ಲಿ ಒಂದು ಪರಿಹಾರ ಮಾಡಿದ್ದರು. ಸಿ ಡ್ರೈವಿನಲ್ಲಿ ಜಾಗವಿಲ್ಲ, ಡಿ ಡ್ರೈವ್ ಖಾಲಿ ಬಿದ್ದಿದೆ. ಹೀಗಾಗಿ ವಿಂಡೋಸಿನಲ್ಲಿ ಟೆಂಪ್ ಮತ್ತು ಟಿಎಂಪಿ ಎಂಬ ಪರಿಸರ ಚರಗಳ ಬೆಲೆಯನ್ನು ಬದಲಿಸಿ, ಡಿ ಡ್ರೈವಿನಲ್ಲಿ ಹೊಸದಾಗಿ ಮಾಡಿದ ಫೋಲ್ಡರಿಗೆ ತಿರುಗಿಸಿದ್ದರು. ಬಹಳ ಕಡೆ ಕೊಡುವ ಸಲಹೆಯೇ ಇದು. ಯಾದಗಿರಿ ಬಸ್ ನಿಲ್ದಾಣದ ಸುತ್ತಲಿನ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯೊಂದರಲ್ಲೂ ಇದನ್ನು ಕಂಡಿದ್ದೇನೆ.

ನಂತರ ನಡೆದದ್ದು ತಮಾಷೆಯೂ ಹೌದು, ಅಲ್ಲವೂ ಹೌದು. ಆ ರಸಪ್ರಶ್ನೆ ತಂತ್ರಾಂಶ ಅಂಕಪಟ್ಟಿ ಮುದ್ರಿಸಲು ಒಂದು ಪುಟ್ಟ ಸಹಾಯಕ ಇಎಕ್ಸ್‌ಇಯನ್ನು ಟೆಂಪ್‌ನಲ್ಲಿ ಇಡುತ್ತಿತ್ತು, ಯಾವಾಗಲೂ ಒಂದೇ ಹೆಸರಿನಲ್ಲಿ. ಆ ಹೆಸರಿನ ಕಡತ ಮೊದಲೇ ಇದ್ದರೆ ಮತ್ತೆ ಬಿಚ್ಚುವ ಗೋಜಿಗೆ ಹೋಗದೆ ಇದ್ದದ್ದನ್ನೇ ಚಲಾಯಿಸುತ್ತಿತ್ತು. ಸಮಯ ಉಳಿಸಲು ಹಾಗೆ ಬರೆದಿರಬೇಕು. ಹತ್ತನೆಯ ತರಗತಿಯ ಹುಡುಗನೊಬ್ಬ ಇದನ್ನು ಕಂಡುಹಿಡಿದ. ಪೆನ್‌ಡ್ರೈವಿನಲ್ಲಿದ್ದ ಹಾವಿನ ಆಟದ ಇಎಕ್ಸ್‌ಇಗೆ ಸಹಾಯಕನ ಹೆಸರನ್ನೇ ಇಟ್ಟು ಡಿ ಡ್ರೈವಿನ ಆ ಫೋಲ್ಡರಿನಲ್ಲಿ ಹಾಕಿದ. ಕಿರುಪರೀಕ್ಷೆ ಮುಗಿದು ಶಿಕ್ಷಕರು ‘ಮುದ್ರಿಸು’ ಒತ್ತಿದಾಗ ಪರದೆಯ ಮೇಲೆ ಹಾವು ಹರಿದಾಡತೊಡಗಿತು. ಹುಡುಗನಿಗೆ ಬೈಗುಳ ಸಿಕ್ಕಿತು. ನನಗೆ ಅವನ ಬೆನ್ನು ತಟ್ಟಬೇಕು ಎನ್ನಿಸಿತು. ಅವನು ಆಟ ಇಟ್ಟ. ಇನ್ನೊಬ್ಬ ಅಂಕಗಳನ್ನು ತಿದ್ದುವ ಕ್ರಮವಿಧಿ ಇಡಬಹುದಿತ್ತು, ಅಥವಾ ಶಿಕ್ಷಕರ ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳುವುದನ್ನು. ಆ ತಂತ್ರಾಂಶ ಅದನ್ನೂ ಅಷ್ಟೇ ವಿಧೇಯವಾಗಿ ಚಲಾಯಿಸುತ್ತಿತ್ತು.

ಆದ್ದರಿಂದ ತಾತ್ಕಾಲಿಕ ಇಎಕ್ಸ್‌ಇಗೆ ಜಾಗ ಹುಡುಕುವಾಗ ‘ಎಲ್ಲಿ ಖಾಲಿ ಇದೆ’ ಎಂದು ಕೇಳುವುದು ತಪ್ಪು ಪ್ರಶ್ನೆ. ‘ಎಲ್ಲಿ ತಾನಾಗಿ ಅಳಿಯುತ್ತದೆ’ ಎಂಬುದು ಸ್ವಲ್ಪ ಉತ್ತಮ ಪ್ರಶ್ನೆ, ಆದರೂ ಸಾಲದು. ಕೇಳಬೇಕಾದದ್ದು, ‘ನಾನು ಇಟ್ಟ ಹೊತ್ತಿಗೂ ಚಲಾಯಿಸುವ ಹೊತ್ತಿಗೂ ನಡುವೆ ಅಲ್ಲಿ ಬೇರೆ ಯಾರು ಬರೆಯಬಲ್ಲರು’ ಎಂದು. ಈ ಪ್ರಶ್ನೆಗೆ ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳು ಕೊಟ್ಟ ಉತ್ತರಗಳನ್ನು ನೋಡೋಣ.

ಛತ್ರದ ನಿಯಮ

ಯೂನಿಕ್ಸ್‌ನಲ್ಲಿ ಮೊದಲಿನಿಂದಲೂ ‘/ಟಿಎಂಪಿ’ ಎಂಬ ಒಂದೇ ಸಾರ್ವಜನಿಕ ಜಾಗವಿದೆ. ಅದು ಊರ ಛತ್ರವಿದ್ದಂತೆ. ಯಾರು ಬೇಕಾದರೂ ಬಂದು ಗಂಟು ಇಳಿಸಬಹುದು. ಆದರೆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇದ್ದವನಿಗೆ ಅಲ್ಲಿರುವ ಬೇರೆಯವರ ಕಡತದ ಹೆಸರು ಬದಲಿಸುವ, ಅಳಿಸುವ ಹಕ್ಕೂ ಯೂನಿಕ್ಸ್ ನಿಯಮದ ಪ್ರಕಾರ ಬರುತ್ತದೆ. ಇದನ್ನು ತಡೆಯಲು 1986ರ 4.3 ಬಿಎಸ್‌ಡಿ ಆವೃತ್ತಿಯಲ್ಲಿ ‘ಸ್ಟಿಕಿ ಬಿಟ್’ ಎಂಬ ಗುರುತಿಗೆ ಹೊಸ ಅರ್ಥ ಕೊಟ್ಟರು. ಈ ಗುರುತಿರುವ ಫೋಲ್ಡರಿನಲ್ಲಿ ಕಡತದ ಒಡೆಯ, ಫೋಲ್ಡರಿನ ಒಡೆಯ ಮತ್ತು ಮುಖ್ಯ ನಿರ್ವಾಹಕನನ್ನು ಬಿಟ್ಟು ಬೇರೆಯವರು ಅದನ್ನು ಅಳಿಸಲಾಗದು. ಗಂಟು ಇಳಿಸಲು ಎಲ್ಲರಿಗೂ ಅವಕಾಶ, ಇನ್ನೊಬ್ಬರ ಗಂಟು ಎತ್ತಲು ಇಲ್ಲ. ಒಂದು ಸ್ವಾರಸ್ಯ: ಈ ಬಿಟ್ ಹುಟ್ಟಿದ್ದೇ ಚಾಲನೆಗೊಳ್ಳುವ ಕಡತಗಳಿಗಾಗಿ. 1974ರ ಯೂನಿಕ್ಸ್ ಐದನೆಯ ಆವೃತ್ತಿಯಲ್ಲಿ, ಪದೇ ಪದೇ ಬೇಕಾಗುವ ಕ್ರಮವಿಧಿಯನ್ನು ಮುಗಿದ ಮೇಲೂ ಸ್ವಾಪ್ ಜಾಗದಲ್ಲಿ ಅಂಟಿಸಿ ಉಳಿಸಿಕೊಳ್ಳಲು ಅದನ್ನು ಬಳಸುತ್ತಿದ್ದರು. ‘ಅಂಟು’ ಎಂಬ ಹೆಸರು ಬಂದದ್ದು ಅಲ್ಲಿಂದ.

ಛತ್ರದ ನಿಯಮ ಎತ್ತುವವರನ್ನು ತಡೆಯಿತು, ಮೊದಲೇ ಬಂದು ಕೂಡುವವರನ್ನು ತಡೆಯಲಿಲ್ಲ. ಕ್ರಮವಿಧಿಯೊಂದು ಯಾವ ಹೆಸರಿನಲ್ಲಿ ಕಡತ ಮಾಡಲಿದೆ ಎಂದು ಊಹಿಸಬಹುದಾದರೆ, ಅದೇ ಹೆಸರಿನಲ್ಲಿ ಮುಂಚೆಯೇ ಒಂದು ಕಡತವನ್ನೋ ಇನ್ನೆಲ್ಲಿಗೋ ತೋರಿಸುವ ಕೊಂಡಿಯನ್ನೋ ಇಟ್ಟು ಕಾಯಬಹುದು. ‘ಈ ಹೆಸರು ಖಾಲಿ ಇದೆಯೇ’ ಎಂದು ನೋಡುವುದಕ್ಕೂ ‘ಸರಿ, ಈ ಹೆಸರಿನಲ್ಲಿ ಬರೆ’ ಎನ್ನುವುದಕ್ಕೂ ನಡುವಿನ ಕ್ಷಣಾರ್ಧವೇ ಸಾಕು. ಇದಕ್ಕೆ ಉತ್ತರವಾಗಿ ಹೆಸರು ಆರಿಸುವುದನ್ನೂ ಕಡತ ಮಾಡುವುದನ್ನೂ ಒಂದೇ ಅವಿಭಾಜ್ಯ ಹೆಜ್ಜೆಯಲ್ಲಿ ಮುಗಿಸುವ ‘ಎಂಕೆಎಸ್‌ಟೆಂಪ್’, ‘ಎಂಕೆಡಿಟೆಂಪ್’ ಎಂಬ ಕಾರ್ಯಗಳು ಬಂದವು. ಎರಡನೆಯದು ಮಾಡುವ ಫೋಲ್ಡರಿನೊಳಗೆ ಒಡೆಯನ ಹೊರತು ಯಾರೂ ಕಾಲಿಡಲಾರರು. ಪೈಥಾನ್‌ನಲ್ಲಿ ಬರೀ ಹೆಸರು ಕೊಟ್ಟು ಸುಮ್ಮನಾಗುವ ‘ಎಂಕೆಟೆಂಪ್’ ಕಾರ್ಯವನ್ನು ಬಳಸಬೇಡಿ ಎಂದು 2003ರಲ್ಲಿ ಬಂದ 2.3ನೆಯ ಆವೃತ್ತಿಯಿಂದಲೇ ಹೇಳುತ್ತಾ ಬಂದಿದ್ದಾರೆ. ಇಂದಿಗೂ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಅದು ಇಣುಕುವುದುಂಟು. ಲಿನಕ್ಸ್ ಕರ್ನೆಲ್ ಕೂಡ 2012ರಿಂದ ಇಂಥ ಸಾರ್ವಜನಿಕ ಫೋಲ್ಡರುಗಳಲ್ಲಿ ಬೇರೆಯವರಿಟ್ಟ ಕೊಂಡಿಯನ್ನು ಹಿಂಬಾಲಿಸದಿರುವ ರಕ್ಷಣೆಯನ್ನು ಒದಗಿಸಿದೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಓದುಗರಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಕೇರಳದ ಶಾಲೆಗಳು ಗ್ನು ಲಿನಕ್ಸ್‌ಗೆ ಬದಲಾಗಿ ಬಹಳ ವರ್ಷಗಳಾದವು. ಆ ಯಂತ್ರಗಳಲ್ಲಿ ‘/ಟಿಎಂಪಿ’ ಎಂಬ ಛತ್ರ ಇದ್ದೇ ಇದೆ. ಇನ್ನೊಂದು ಸಂಗತಿಯನ್ನೂ ಅವರು ಗಮನಿಸಬೇಕು. ಫೆಡೋರಾದಲ್ಲಿ 2013ರಿಂದ, ಡೆಬಿಯನ್‌ನಲ್ಲಿ 2025ರ 13ನೆಯ ಆವೃತ್ತಿಯಿಂದ ‘/ಟಿಎಂಪಿ’ ಇರುವುದು ಡಿಸ್ಕಿನಲ್ಲಲ್ಲ, ಮುಖ್ಯ ಸ್ಮೃತಿಯಲ್ಲಿ. ಯಂತ್ರ ಆರಿದರೆ ಕಸ ತಾನಾಗಿ ಮಾಯ, ಇದು ಲಾಭ. 4 ಗಿಗಾಬೈಟ್ ಸ್ಮೃತಿಯ ಹಳೆಯ ಯಂತ್ರದಲ್ಲಿ ದೊಡ್ಡ ತಂತ್ರಾಂಶವೊಂದು ಅಲ್ಲಿ ತನ್ನನ್ನು ಬಿಚ್ಚಿಕೊಂಡರೆ ಅಷ್ಟು ಸ್ಮೃತಿ ಹೋಯಿತು, ಇದು ನಷ್ಟ.

ಒಬ್ಬರಿಗೊಂದು ಕೋಣೆ

ವಿಂಡೋಸ್ 95, 98ರ ಕಾಲದಲ್ಲಿ ಟೆಂಪ್ ಇದ್ದದ್ದು ವಿಂಡೋಸ್ ಫೋಲ್ಡರಿನೊಳಗೆ, ಎಲ್ಲರಿಗೂ ಒಂದೇ. ವಿಂಡೋಸ್ 2000, ಎಕ್ಸ್‌ಪಿಗಳ ಹೊತ್ತಿಗೆ ಪ್ರತಿ ಬಳಕೆದಾರನ ಖಾತೆಯೊಳಗೆ ಅವನದೇ ಟೆಂಪ್ ಬಂತು. ಇದು ಛತ್ರದ ಬದಲು ಒಬ್ಬರಿಗೊಂದು ಕೋಣೆ ಕೊಟ್ಟಂತೆ. ಮ್ಯಾಕಿನಲ್ಲೂ 2007ರಿಂದ ಹೀಗೆಯೇ. ತತ್ವದಲ್ಲಿ ಇದು ಯೂನಿಕ್ಸ್ ಉತ್ತರಕ್ಕಿಂತ ಉತ್ತಮ ಎಂದೇ ನನ್ನ ಅಭಿಪ್ರಾಯ.

ಆದರೆ ಟೆಂಪ್ ಎಲ್ಲಿದೆ ಎಂದು ವಿಂಡೋಸನ್ನು ಕೇಳಿದಾಗ ಅದು ಉತ್ತರ ಹುಡುಕುವ ಕ್ರಮ ನೋಡಿ. ಮೊದಲು ಟಿಎಂಪಿ ಎಂಬ ಚರ, ಅದಿಲ್ಲದಿದ್ದರೆ ಟೆಂಪ್ ಎಂಬ ಚರ, ಆಮೇಲೆ ಬಳಕೆದಾರನ ಖಾತೆಯ ಫೋಲ್ಡರ್, ಕೊನೆಗೆ ವಿಂಡೋಸ್ ಫೋಲ್ಡರ್. ಆ ಚರದಲ್ಲಿ ಬರೆದ ಜಾಗ ಸುರಕ್ಷಿತವೇ, ಬೇರೆಯವರು ಅಲ್ಲಿ ಬರೆಯಬಲ್ಲರೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಖಾತೆಯೊಳಗಿನ ಟೆಂಪ್ ಸುರಕ್ಷಿತವಾಗಿರುವುದು ಆ ಜಾಗದ ಅನುಮತಿಗಳಿಂದ, ಟೆಂಪ್ ಎಂಬ ಹೆಸರಿನಿಂದಲ್ಲ. ಡಿ ಡ್ರೈವಿನಲ್ಲಿ, ಅಥವಾ ಸಿ ಡ್ರೈವಿನ ಬೇರಿನಲ್ಲೇ, ಹೊಸ ಫೋಲ್ಡರ್ ಮಾಡಿದರೆ ಸಾಮಾನ್ಯವಾಗಿ ಆ ಯಂತ್ರಕ್ಕೆ ಲಾಗಿನ್ ಆಗುವ ಇತರ ಖಾತೆಗಳೂ ಅದರೊಳಗಿನದನ್ನು ಬದಲಿಸುವ ಅನುಮತಿ ಪಡೆಯುತ್ತವೆ. ಕೋಣೆಯಲ್ಲಿದ್ದ ಗಂಟನ್ನು ಬಯಲಿಗೆ ತಂದು ಇಟ್ಟು ಅದನ್ನೂ ಕೋಣೆ ಎಂದೇ ಕರೆದಂತಾಯಿತು. ಶಹಾಪುರದ ಆ ಶಾಲೆಯಲ್ಲಿ ನಡೆದದ್ದು ಇದೇ.

ಇನ್ನೊಂದು ಸೂಕ್ಷ್ಮವಿದೆ. ಇಎಕ್ಸ್‌ಇ ಒಂದು ಡಿಎಲ್‌ಎಲ್ ಅನ್ನು ಬರೀ ಹೆಸರಿನಿಂದ ಕರೆದರೆ, ವ್ಯವಸ್ಥೆಗೆ ಮೊದಲೇ ಗೊತ್ತಿರುವ ಕೆಲವನ್ನು ಬಿಟ್ಟು, ವಿಂಡೋಸ್ ಅದನ್ನು ಸಾಮಾನ್ಯವಾಗಿ ಮೊದಲು ಹುಡುಕುವುದು ಆ ಇಎಕ್ಸ್‌ಇ ಇರುವ ಫೋಲ್ಡರಿನಲ್ಲಿ. ಆದ್ದರಿಂದ ಇಎಕ್ಸ್‌ಇಯನ್ನು ಹತ್ತಾರು ತಂತ್ರಾಂಶಗಳ ಕಡತ ತುಂಬಿದ ಟೆಂಪ್‌ನ ಮೊದಲ ಮಟ್ಟದಲ್ಲೇ ಇಟ್ಟು ಚಲಾಯಿಸಿದರೆ, ಅಲ್ಲಿ ಮೊದಲೇ ಬಿದ್ದಿರುವ ಯಾವುದೋ ಡಿಎಲ್‌ಎಲ್ ಅದರ ಜೊತೆ ಸೇರಿಕೊಳ್ಳಬಹುದು. ಇಳಿಸಿಕೊಂಡ ಅನುಸ್ಥಾಪಕಗಳನ್ನು ಡೌನ್‌ಲೋಡ್ಸ್ ಫೋಲ್ಡರಿನಿಂದಲೇ ಚಲಾಯಿಸುವುದರಲ್ಲೂ ಇದೇ ಅಪಾಯ. ಪ್ರತಿ ಸಲ ಊಹಿಸಲಾಗದ ಹೆಸರಿನ ಹೊಸ ಒಳಫೋಲ್ಡರ್ ಮಾಡಿಕೊಳ್ಳಬೇಕು ಎನ್ನುವುದು ಇದಕ್ಕಾಗಿ. ವಿಂಡೋಸ್ ಒದಗಿಸುವ ತಾತ್ಕಾಲಿಕ ಹೆಸರಿನ ಕಾರ್ಯ ಈ ಕೆಲಸಕ್ಕೆ ಸಾಲದು. ಅದು ಮೂರು ಅಕ್ಷರಗಳ ಮುಂದೆ 16 ಬಿಟ್‌ಗಳ ಒಂದು ಸಂಖ್ಯೆಯನ್ನಷ್ಟೇ ಸೇರಿಸುತ್ತದೆ. ಒಂದು ಫೋಲ್ಡರಿನಲ್ಲಿ ಒಂದು ಪೂರ್ವಾಕ್ಷರಕ್ಕೆ ಹೆಚ್ಚೆಂದರೆ 65,535 ಹೆಸರುಗಳು. ಎಂದೂ ಗುಡಿಸದ ಯಂತ್ರದಲ್ಲಿ ಅಷ್ಟೂ ತುಂಬಿ ಆ ಕಾರ್ಯವೇ ಸೋಲುವುದುಂಟು.

ಗೊತ್ತಿದ್ದವರೂ ಎಡವಿದ್ದು

ಶಾಲೆಯ ಶಿಕ್ಷಕರನ್ನು ಮಾತ್ರ ದೂರುವುದು ಅನ್ಯಾಯ. ಮೇಲೆ ಹೇಳಿದ ಪೈಇನ್‌ಸ್ಟಾಲರ್‌ನಲ್ಲೇ ಸಿವಿಇ-2019-16784 ಎಂದು ದಾಖಲಾದ ದೋಷವಿತ್ತು. ವಿಂಡೋಸ್ ಸೇವೆಯಾಗಿ ಅಥವಾ ಸಿಸ್ಟಂ ಖಾತೆಯ ನಿಗದಿತ ಕೆಲಸವಾಗಿ ಒಂದೇ ಕಡತದ ಇಎಕ್ಸ್‌ಇಯನ್ನು ನಡೆಸಿದರೆ, ಅದರ ಟೆಂಪ್ ಎಂದರೆ ವಿಂಡೋಸ್ ಫೋಲ್ಡರಿನೊಳಗಿನ ಹಳೆಯ ಸಾಮೂಹಿಕ ಟೆಂಪ್. ಸಾಮಾನ್ಯ ಬಳಕೆದಾರನೂ ಬರೆಯಬಲ್ಲ ಆ ಜಾಗದಲ್ಲಿ, ಯಂತ್ರದ ಅತ್ಯಧಿಕ ಅಧಿಕಾರವುಳ್ಳ ಕ್ರಮವಿಧಿ ತನ್ನ ಡಿಎಲ್‌ಎಲ್‌ಗಳನ್ನು ಬಿಚ್ಚಿಡುತ್ತಿತ್ತು. ಅವನ್ನು ಬದಲಿಸಿದವನಿಗೆ ಅಧಿಕಾರ ಬಿಟ್ಟಿಯಾಗಿ ಸಿಗುತ್ತಿತ್ತು. 3.6ನೆಯ ಆವೃತ್ತಿಯಲ್ಲಿ, ಬಿಚ್ಚುವ ಫೋಲ್ಡರನ್ನು ಚಲಾಯಿಸುವ ಖಾತೆಗೆ ಮಾತ್ರ ಮೀಸಲಿಟ್ಟು ಇದನ್ನು ಸರಿಪಡಿಸಿದರು. ಒಂದೇ ಕಡತದ ಇಎಕ್ಸ್‌ಇಗೆ ನಿರ್ವಾಹಕ ಅಧಿಕಾರ ಕೊಡಬೇಡಿ ಎಂಬ ಎಚ್ಚರಿಕೆ ಆ ಸಾಧನದ ಕೈಪಿಡಿಯಲ್ಲೇ ಇದೆ. ಎಷ್ಟು ಜನ ಓದಿದ್ದಾರೋ!

ವಿಂಡೋಸಿನ ಕಡೆಯಿಂದ ಪರಿಹಾರ ಬಂದದ್ದು 2021ರ ವಿಂಡೋಸ್ 11ರ ಜೊತೆಗೆ. ಟೆಂಪ್ ಕೇಳುವ ಕಾರ್ಯದ ಎರಡನೆಯ ರೂಪ ಸಿಸ್ಟಂ ಖಾತೆಗೆ ‘ಸಿಸ್ಟಂಟೆಂಪ್’ ಎಂಬ ಬೇರೆಯೇ ಫೋಲ್ಡರನ್ನು ತೋರಿಸುತ್ತದೆ. ಅಲ್ಲಿಗೆ ಉಳಿದವರಿಗೆ ಪ್ರವೇಶವಿಲ್ಲ. ಸರಿಯಾದ ಹೆಜ್ಜೆ, ಬಹಳ ತಡವಾದ ಹೆಜ್ಜೆ. ಹಳೆಯ ಕಾರ್ಯವನ್ನೇ ಕರೆಯುವ ಹಳೆಯ ತಂತ್ರಾಂಶಗಳು ಹಾಗೆಯೇ ಇವೆ.

ಪೈಥಾನ್‌ನದು ಇನ್ನೂ ಬೋಧಪ್ರದ ಕಥೆ. ‘ಎಂಕೆಡಿಟೆಂಪ್’ ಮಾಡುವ ಫೋಲ್ಡರ್ ಒಡೆಯನಿಗೆ ಮಾತ್ರ ಎಂದು ಕೈಪಿಡಿ ಹೇಳುತ್ತಿತ್ತು, ಯೂನಿಕ್ಸ್‌ನಲ್ಲಿ ಅದು ನಿಜವೂ ಆಗಿತ್ತು. ವಿಂಡೋಸಿನಲ್ಲಿ ಆ ಅನುಮತಿಯ ಸಂಖ್ಯೆಯನ್ನು ಪೈಥಾನ್ ಸುಮ್ಮನೆ ಬಿಟ್ಟುಬಿಡುತ್ತಿತ್ತು. ಮೇಲಿನ ಫೋಲ್ಡರಿನ ಅನುಮತಿಗಳೇ ಹೊಸದಕ್ಕೂ ಇಳಿದುಬರುತ್ತಿದ್ದವು. ಖಾತೆಯೊಳಗಿನ ಟೆಂಪ್‌ನಲ್ಲಿ ಇದರಿಂದ ತೊಂದರೆಯಿಲ್ಲ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಕಾಣಲಿಲ್ಲ. ಟೆಂಪ್ ಅನ್ನು ಬೇರೆಡೆಗೆ ತಿರುಗಿಸಿದ ಯಂತ್ರಗಳಲ್ಲಿ ಮಾತ್ರ ಬಾಗಿಲು ತೆರೆದಿರುತ್ತಿತ್ತು. ಇದು ಸಿವಿಇ-2024-4030 ಎಂದು ದಾಖಲಾಗಿ 2024ರಲ್ಲಿ ಸರಿಯಾಯಿತು. ಡಿ ಡ್ರೈವಿಗೆ ತಿರುಗಿಸುವ ನಮ್ಮ ಶಾಲೆಗಳ ಪರಿಹಾರ ಸರಿಯಾಗಿ ಈ ಬಿರುಕಿನ ಮೇಲೆಯೇ ಕಾಲಿಟ್ಟಿತ್ತು ಎಂಬುದನ್ನು ಗಮನಿಸಿ. ಶಾಲೆಗಳಲ್ಲಿರುವ ಹಳೆಯ ಪೈಥಾನ್ ಆವೃತ್ತಿಗಳಲ್ಲಿ ಈ ಬಿರುಕು ಇನ್ನೂ ಇರುತ್ತದೆ.

ಎಲ್ಲರಿಗೂ ಒಂದೇ ಖಾತೆ

ಇಲ್ಲಿಯವರೆಗಿನ ಎಲ್ಲ ಉತ್ತರಗಳ ಹಿಂದೆ ಒಂದು ಊಹೆ ಅಡಗಿದೆ: ಒಬ್ಬ ಮನುಷ್ಯ ಎಂದರೆ ಒಂದು ಖಾತೆ. ಶಹಾಪುರ, ಸುರಪುರ, ಯಾದಗಿರಿಗಳಲ್ಲಿ ನಾನು ಕಂಡ ಶಾಲಾ ಯಂತ್ರಗಳಲ್ಲಿ ಈ ಊಹೆ ನಿಲ್ಲುವುದಿಲ್ಲ. ಯಂತ್ರ ಹಚ್ಚಿದರೆ ನೇರವಾಗಿ ಒಂದೇ ಖಾತೆ ತೆರೆಯುತ್ತದೆ, ಪಾಸ್‌ವರ್ಡ್ ಇಲ್ಲ, ಅದೂ ಬಹಳ ಕಡೆ ನಿರ್ವಾಹಕ ಖಾತೆ. ಬೆಳಿಗ್ಗೆ ಎಂಟನೆಯ ತರಗತಿ, ಮಧ್ಯಾಹ್ನ ಹತ್ತನೆಯ ತರಗತಿ, ಸಂಜೆ ಅಂಕ ತುಂಬುವ ಶಿಕ್ಷಕರು, ಎಲ್ಲರೂ ಯಂತ್ರದ ದೃಷ್ಟಿಯಲ್ಲಿ ಒಬ್ಬನೇ ವ್ಯಕ್ತಿ. ಖಾತೆಯೊಳಗಿನ ಟೆಂಪ್ ಇಲ್ಲಿ ಕೋಣೆಯಲ್ಲ, ಛತ್ರವೇ. ಅದೂ ಸ್ಟಿಕಿ ಬಿಟ್ ಇಲ್ಲದ ಛತ್ರ. ಡಿ ಡ್ರೈವಿಗೆ ತಿರುಗಿಸದಿದ್ದರೂ ಆ ಹುಡುಗ ಹಾವಿನ ಆಟವನ್ನು ಇಡಬಹುದಿತ್ತು. ಒಂದೇ ಖಾತೆಯ ಕ್ರಮವಿಧಿಗಳ ನಡುವೆ ಕಾರ್ಯಾಚರಣ ವ್ಯವಸ್ಥೆ ಗೋಡೆ ಕಟ್ಟುವುದಿಲ್ಲ. ಹೆಸರು ಎಷ್ಟೇ ಯಾದೃಚ್ಛಿಕವಾಗಿರಲಿ, ಫೋಲ್ಡರಿಗೆ ಎಷ್ಟೇ ಬೀಗ ಹಾಕಲಿ, ಬೀಗದ ಕೈ ಎಲ್ಲರ ಬಳಿಯೂ ಇದೆ.

ಇದು ಬಡತನದ ಅನಿವಾರ್ಯತೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಬಂದಾಗ, ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಮಾಡಿದ್ದರು. ಯಾರು ಏನು ತಿದ್ದಿದರು ಎಂಬುದಕ್ಕೆ ಲೆಕ್ಕವಿರಬೇಕು ಎಂಬುದು ಉದ್ದೇಶ. ತಾಲ್ಲೂಕು ಕಚೇರಿಯಲ್ಲಿ ಎರಡು ದಶಕಗಳ ಹಿಂದೆ ಸಾಧ್ಯವಾದದ್ದರ ಒಂದು ಸಣ್ಣ ಅಂಶ, ಅಂದರೆ ಶಿಕ್ಷಕರಿಗೊಂದು ಖಾತೆ, ವಿದ್ಯಾರ್ಥಿಗಳಿಗೊಂದು ಸೀಮಿತ ಖಾತೆ, ಶಾಲೆಯಲ್ಲಿ ಸಾಧ್ಯವಿಲ್ಲವೇ? ಇದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ, ಅರ್ಧ ಗಂಟೆ ಬೇಕು.

ನಿಷೇಧದ ಮಾರ್ಗ

ಇನ್ನೊಂದು ಪಂಥದವರು ‘ಬರೆಯಬಹುದಾದ ಜಾಗದಿಂದ ಚಲಾಯಿಸಲೇ ಬೇಡಿ’ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ‘/ಟಿಎಂಪಿ’ಯನ್ನು ‘ನೋಎಕ್ಸೆಕ್’ ಎಂಬ ಆಯ್ಕೆಯೊಂದಿಗೆ ಜೋಡಿಸಿದರೆ ಅಲ್ಲಿನ ಕಡತಗಳು ನೇರವಾಗಿ ಚಾಲನೆಗೊಳ್ಳವು. ವಿಂಡೋಸಿನಲ್ಲಿ, 2013ರಲ್ಲಿ ಕಡತಗಳನ್ನು ಒತ್ತೆ ಇಟ್ಟುಕೊಂಡು ಹಣ ಕೇಳುವ ಕ್ರಿಪ್ಟೋಲಾಕರ್ ಹಾವಳಿಯಾದಾಗ, ಬಳಕೆದಾರನ ಆ್ಯಪ್‌ಡೇಟಾ, ಟೆಂಪ್ ಜಾಗಗಳಿಂದ ಇಎಕ್ಸ್‌ಇ ಚಲಾಯಿಸುವುದನ್ನು ನೀತಿಯ ಮೂಲಕ ತಡೆಯಿರಿ ಎಂಬ ಸಲಹೆ ಎಲ್ಲೆಡೆ ಹರಡಿತು.

ತತ್ವ ಗಟ್ಟಿಯಾಗಿದೆ. ಆದರೆ ನೋಎಕ್ಸೆಕ್ ಬಗ್ಗೆ ಇರುವ ಭರವಸೆ ಸ್ವಲ್ಪ ಉತ್ಪ್ರೇಕ್ಷೆ. ‘/ಟಿಎಂಪಿ’ಯಲ್ಲಿರುವ ಶೆಲ್ ಲಿಪಿಯನ್ನು ಶೆಲ್‌ಗೆ, ಪೈಥಾನ್ ಲಿಪಿಯನ್ನು ಪೈಥಾನ್‌ಗೆ ಓದಲು ಕೊಟ್ಟರೆ ಅದು ನಡೆದೇ ನಡೆಯುತ್ತದೆ, ಚಾಲನೆಗೊಂಡದ್ದು ಬೇರೆಡೆ ಇರುವ ಪೈಥಾನ್, ಲಿಪಿ ಬರೀ ಓದಿಸಿಕೊಂಡಿತು. ಇತ್ತ ನಿಜವಾದ ಕೆಲಸಗಳು ಮುರಿದುಬೀಳುತ್ತವೆ. ಜಾವಾದ ಎಷ್ಟೋ ಲೈಬ್ರರಿಗಳು ತಮ್ಮ ಯಂತ್ರಭಾಷೆಯ ಭಾಗವನ್ನು ಟೆಂಪ್‌ನಲ್ಲಿ ಬಿಚ್ಚಿಕೊಳ್ಳುತ್ತವೆ, ಅವು ನಿಲ್ಲುತ್ತವೆ. ಗೋ ಭಾಷೆಯಲ್ಲಿ ‘ಗೋ ರನ್’ ಎಂಬ ಆದೇಶ ಕ್ರಮವಿಧಿಯನ್ನು ಟೆಂಪ್‌ನಲ್ಲೇ ಕಂಪೈಲ್ ಮಾಡಿ ಅಲ್ಲಿಂದಲೇ ಚಲಾಯಿಸುತ್ತದೆ, ಅದೂ ನಿಲ್ಲುತ್ತದೆ. 2018ರಿಂದ ಅದಕ್ಕೆ ಬೇರೆ ಜಾಗ ತೋರಿಸುವ ಚರವೊಂದನ್ನು ಕೊಟ್ಟಿದ್ದಾರೆ. ಪೈಇನ್‌ಸ್ಟಾಲರ್‌ನ ಒಂದೇ ಕಡತದ ಕ್ರಮವಿಧಿಗಳಂತೂ ಸರಿಯೇ. ಡೆಬಿಯನ್‌ನಲ್ಲಿ ಪ್ಯಾಕೇಜುಗಳ ಪೂರ್ವಸಿದ್ಧತೆಯ ಲಿಪಿಗಳನ್ನೇ ‘/ಟಿಎಂಪಿ’ಯಿಂದ ಚಲಾಯಿಸುತ್ತಿದ್ದ ಕಾರಣ, ವ್ಯವಸ್ಥೆಯ ನಿರ್ವಾಹಕನೇ ಹಾಕಿದ ನಿಷೇಧಕ್ಕೆ ವ್ಯವಸ್ಥೆಯ ಅನುಸ್ಥಾಪಕವೇ ಸಿಕ್ಕಿಬಿದ್ದು ‘ಅನುಮತಿ ಇಲ್ಲ’ ಎಂದು ಗೊಣಗುವುದನ್ನು ಬಹಳ ಜನ ಕಂಡಿರುತ್ತಾರೆ.

ಈ ತತ್ವವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದು ಆಂಡ್ರಾಯ್ಡ್. 2019ರ ಆಂಡ್ರಾಯ್ಡ್ 10ರಿಂದ, ಆ ಆವೃತ್ತಿಯನ್ನು ಗುರಿಯಾಗಿಟ್ಟು ಕಟ್ಟಿದ ಆ್ಯಪ್ ತಾನು ಬರೆಯಬಲ್ಲ ಸ್ವಂತ ಫೋಲ್ಡರಿನಿಂದ ಯಾವ ಕಡತವನ್ನೂ ಕ್ರಮವಿಧಿಯಾಗಿ ಚಲಾಯಿಸುವಂತಿಲ್ಲ. ಚಲಾಯಿಸಬೇಕಾದದ್ದು ಆ್ಯಪ್‌ನ ಜೊತೆಗೇ, ಅನುಸ್ಥಾಪನೆಯ ಹೊತ್ತಿಗೇ ಬಂದಿರಬೇಕು. ಫೋನಿನಲ್ಲಿ ಲಿನಕ್ಸ್ ಆದೇಶಗಳನ್ನು ಕಲಿಯಲು ವಿದ್ಯಾರ್ಥಿಗಳು ಬಳಸುವ ಟರ್ಮಕ್ಸ್ ಇದರಿಂದ ಇಕ್ಕಟ್ಟಿಗೆ ಸಿಲುಕಿ ಹಳೆಯ ಆವೃತ್ತಿಯನ್ನೇ ಗುರಿಯಾಗಿ ಉಳಿಸಿಕೊಳ್ಳಬೇಕಾಯಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗೆ ಆ ಫೋನೇ ಪ್ರಯೋಗಾಲಯ. ಸುರಕ್ಷೆಗೆ ತೆತ್ತ ಬೆಲೆಯಲ್ಲಿ ಅವನ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಇಲ್ಲಿ ನನ್ನ ನಿಲುವು ಎರಡು ಬಗೆ. ಪ್ರೌಢಶಾಲೆಯ ಪ್ರಯೋಗಾಲಯಕ್ಕೆ ನಿಷೇಧವೇ ಸರಿ. ಅಲ್ಲಿ ಮಕ್ಕಳು ಹೊಸ ತಂತ್ರಾಂಶ ಹಾಕುವ ಅಗತ್ಯವಿಲ್ಲ. ಪೆನ್‌ಡ್ರೈವಿನಿಂದ ಬರುವ ವೈರಸ್ಸುಗಳ ದೊಡ್ಡ ಪಾಲು ಇದರಿಂದಲೇ ನಿಲ್ಲುತ್ತದೆ. ಆದರೆ ಕ್ರಮವಿಧಿ ಬರೆಯಲು ಕಲಿಸುವ ಕಾಲೇಜಿನಲ್ಲಿ ಅದೇ ನಿಷೇಧ ಕೆಡುಕು ಮಾಡುತ್ತದೆ. ಕೆಲಸ ನಿಂತವರು ನಿಷೇಧವನ್ನೂ ಆ್ಯಂಟಿವೈರಸ್ಸನ್ನೂ ಒಟ್ಟಿಗೆ ತೆಗೆದುಹಾಕುತ್ತಾರೆ. ತನ್ನನ್ನು ತಾನೇ ಟೆಂಪ್‌ನಲ್ಲಿ ಬಿಚ್ಚಿಕೊಂಡು ಚಲಾಯಿಸುವುದು ವೈರಸ್ಸುಗಳ ನಡತೆಯೂ ಆದ್ದರಿಂದ ಆ್ಯಂಟಿವೈರಸ್‌ಗಳು ನಿರಪರಾಧಿ ತಂತ್ರಾಂಶಗಳನ್ನೂ ಹಿಡಿಯುತ್ತವೆ. ‘ಇದನ್ನು ಹಾಕುವ ಮೊದಲು ಆ್ಯಂಟಿವೈರಸ್ ನಿಲ್ಲಿಸಿ’ ಎಂಬ ಸೂಚನೆಯೊಂದಿಗೆ ಶಾಲೆಗೆ ಬರುವ ತಂತ್ರಾಂಶವನ್ನು ಹಿಂದಕ್ಕೆ ಕಳಿಸುವುದೇ ಲೇಸು.

ಲಿನಕ್ಸ್‌ನಲ್ಲಿ 2014ರಿಂದ ಯಾವ ಫೋಲ್ಡರಿನಲ್ಲೂ ಹೆಸರಿಲ್ಲದ, ಸ್ಮೃತಿಯಲ್ಲಷ್ಟೇ ಇರುವ ಕಡತವನ್ನು ಮಾಡಿ ಚಲಾಯಿಸುವ ಸೌಲಭ್ಯವಿದೆ. ಜಾಗವೇ ಇಲ್ಲದಿದ್ದರೆ ಜಾಗದ ಜಗಳವೂ ಇಲ್ಲ. ಜಾಣ ಉಪಾಯ, ಆದರೆ ಕೇಡಿಗರೂ ಅದನ್ನು ಕಲಿತರು. 2023ರಲ್ಲಿ ಕರ್ನೆಲ್‌ಗೆ ಅದನ್ನೂ ನಿರ್ಬಂಧಿಸುವ ಆಯ್ಕೆ ಸೇರಿತು.

ಮತ್ತೆ ಶಹಾಪುರಕ್ಕೆ

ರಸಪ್ರಶ್ನೆಯಂಥ ತಂತ್ರಾಂಶಕ್ಕೆ ತಾತ್ಕಾಲಿಕ ಇಎಕ್ಸ್‌ಇ ಬೇಕೇ ಇಲ್ಲ. ಅದನ್ನು ಫೋಲ್ಡರಿನ ರೂಪದಲ್ಲಿ ಕಟ್ಟಿ, ನಿರ್ವಾಹಕರು ಒಂದೇ ಸಲ ಪ್ರೋಗ್ರಾಂ ಫೈಲ್ಸ್ ಒಳಗೆ ಇಟ್ಟರಾಯಿತು. ಅಲ್ಲಿ ಸಾಮಾನ್ಯ ಖಾತೆಯವರು ಓದಿ ಚಲಾಯಿಸಬಲ್ಲರು, ಬರೆಯಲಾರರು. ಬಿಚ್ಚುವ ಕೆಲಸ ಪ್ರತಿ ಸಲ ಇಲ್ಲದ್ದರಿಂದ ಹಳೆಯ ಯಂತ್ರದಲ್ಲಿ ಬೇಗ ತೆರೆದುಕೊಳ್ಳುತ್ತದೆ. ಕರೆಂಟ್ ಹೋದರೆ ಕಸವೂ ಉಳಿಯುವುದಿಲ್ಲ. ಅನುಸ್ಥಾಪಕ, ನವೀಕರಣದಂಥ ಕೆಲಸಗಳಿಗೆ ತಾತ್ಕಾಲಿಕ ಕಡತ ತಪ್ಪದು ಎಂದಾದರೆ, ಪ್ರತಿ ಸಲ ಒಡೆಯನಿಗೆ ಮಾತ್ರ ತೆರೆಯುವ ಹೊಸ ಒಳಫೋಲ್ಡರ್ ಮಾಡಬೇಕು, ಅಲ್ಲಿ ಮೊದಲೇ ಇರುವ ಯಾವುದನ್ನೂ ನಂಬಬಾರದು, ಹಿಂದಿನ ಸಲ ಉಳಿದ ತನ್ನ ಕಸವನ್ನು ಮುಂದಿನ ಸಲ ಶುರುವಾಗುವಾಗಲೇ ಗುಡಿಸಬೇಕು. ಶಿಕ್ಷಕರು ತಮ್ಮ ಯಂತ್ರವನ್ನು ಪರೀಕ್ಷಿಸಲು ಇಷ್ಟು ಸಾಕು: ಸ್ಟಾರ್ಟ್ ಪಟ್ಟಿಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಇಂಗ್ಲಿಷಿನಲ್ಲಿ ಟೆಂಪ್ ಎಂದು ಬರೆದು ಎಂಟರ್ ಒತ್ತಿ. ತೆರೆದ ಫೋಲ್ಡರ್ ನಿಮ್ಮ ಖಾತೆಯ ಒಳಗಿದೆಯೇ, ಇನ್ನೆಲ್ಲೋ ಇದೆಯೇ ನೋಡಿ. ಬೇರೊಂದು ಸಾಮಾನ್ಯ ಖಾತೆಯಿಂದ ಅದೇ ಫೋಲ್ಡರಿನಲ್ಲಿ ಒಂದು ಪಠ್ಯ ಕಡತ ಮಾಡಲು ಯತ್ನಿಸಿ. ಆದರೆ ಆ ಟೆಂಪ್ ಬಯಲಿನಲ್ಲಿದೆ.

ಆ ಶಾಲೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ಕೂತು ಟೆಂಪ್ ಅನ್ನು ಖಾತೆಯೊಳಕ್ಕೆ ಹಿಂದಿರುಗಿಸಿ, ಶಿಕ್ಷಕರ ಖಾತೆಗೆ ಪಾಸ್‌ವರ್ಡ್ ಹಾಕಿ, ಮಕ್ಕಳಿಗೆ ಸೀಮಿತ ಖಾತೆ ಮಾಡಿದೆವು. ರಸಪ್ರಶ್ನೆಯ ಮೂಲ ಕಡತಗಳು ಸಿಕ್ಕಿದ್ದರಿಂದ ಅದನ್ನು ಫೋಲ್ಡರಿನ ರೂಪದಲ್ಲಿ ಮತ್ತೆ ಕಟ್ಟಿದೆವು. ಸಹಾಯಕ ಇಎಕ್ಸ್‌ಇಯೂ ಅದೇ ಫೋಲ್ಡರಿಗೆ ಸೇರಿತು. ಹಾವಿನ ಆಟದ ಹುಡುಗನೇ ಪಕ್ಕದಲ್ಲಿ ನಿಂತು, ವಿದ್ಯಾರ್ಥಿ ಖಾತೆಯಿಂದ ಕಡತ ಬದಲಿಸಲು ನಾಲ್ಕಾರು ಬಗೆಯಲ್ಲಿ ಯತ್ನಿಸಿ ‘ಆಗವಲ್ದರಿ ಸರ್’ ಎಂದ. ಒಂದು ಯಂತ್ರವನ್ನು ಮಾತ್ರ ಹಾಗೆಯೇ ಬಿಡಬೇಕಾಯಿತು. ಅದಕ್ಕೆ ಜೋಡಿಸಿದ ಹಳೆಯ ಸ್ಕ್ಯಾನರ್‌ನ ತಂತ್ರಾಂಶ ನಿರ್ವಾಹಕ ಖಾತೆಯಲ್ಲಲ್ಲದೆ ನಡೆಯುವುದಿಲ್ಲ. ಆ ಯಂತ್ರವನ್ನು ಕಚೇರಿ ಕೋಣೆಗೆ ಸಾಗಿಸಿ, ಪರೀಕ್ಷೆಗಳಿಗೆ ಬಳಸಬಾರದು ಎಂದು ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿ ಬಂದೆವು.